ಲಕ್ಕಮ್ಮನವರ ಪ್ರಶ್ನೆ



ಕಲ್ಯಾಣದ ಮಹಾಮನೆಯಲ್ಲಿ ನಿತ್ಯವೂ ದಾಸೋಹ ನಡೆಯುತ್ತಿದ್ದಿತು. ಆ ಅಂಗಳದಲ್ಲಿ ಅಳೆಯುವಾಗ, ಹೊರುವಾಗ, ಕೇರುವಾಗ ನೆಲಕ್ಕೆ ಉದುರಿದ ಅಕ್ಕಿಯ ಕಾಳುಗಳನ್ನು ಆಯ್ದು ತಂದು, ಅದರಿಂದಲೇ ಜಂಗಮತೃಪ್ತಿಯನ್ನು ಮಾಡಿ, ಉಳಿದುದನ್ನು ಪ್ರಸಾದವಾಗಿ ಸ್ವೀಕರಿಸುತ್ತಿದ್ದ ದಂಪತಿಗಳು ಆಯ್ದಕ್ಕಿ ಮಾರಯ್ಯನವರು ಮತ್ತು ಲಕ್ಕಮ್ಮನವರು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಅವರು ಕಲ್ಯಾಣಕ್ಕೆ ಬಂದವರೆಂದು ಪ್ರತೀತಿ. ಇವರ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬರುವುದು. ಭಕ್ತರೆಲ್ಲರೂ ಪುರಾಣ ಪ್ರವಚನಗಳಲ್ಲಿ ಕೇಳಿಯೇ ಇರುವರು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚಾದ ಅಕ್ಕಿಯನ್ನು ಉಡಿತುಂಬ ತಂದರು. ಬಡವರ ಮನೆಗೆ ಅಕ್ಕಿ ಹೆಚ್ಚಾಗಿ ಬಂದರೆ ಹೆಂಡತಿಯಾದವಳು ಹಿಗ್ಗಬೇಕಲ್ಲವೆ? ಲಕ್ಕಮ್ಮನವರು ಹಿಗ್ಗಲಿಲ್ಲ. ಇದು ಎಂದಿನ ಅಳತೆಯಲ್ಲ, ಈ ಹೆಚ್ಚಳ ಎಲ್ಲಿಂದ ಬಂದಿತು, ಇಷ್ಟು ನಮಗೇಕೆ ಎಂದು ಕೇಳಿದರು. ಕೇಳಿ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಮರಳಿ ಕಳುಹಿಸಿದರು.

ಈ ಪ್ರಸಂಗವನ್ನು ಕೇಳಿದವರು ಸಾಮಾನ್ಯವಾಗಿ ಲಕ್ಕಮ್ಮನವರ ನಿರಾಸೆಯನ್ನು ಕೊಂಡಾಡುತ್ತಾರೆ. ಕೊಂಡಾಡತಕ್ಕದ್ದೇ ಸರಿ. ಆದರೆ ಆ ನಿರಾಸೆಗೆ ಮೊದಲು ಒಂದು ಪ್ರಶ್ನೆ ಇದೆಯೆಂಬುದನ್ನು ಬಹುಮಂದಿ ಗಮನಿಸುವುದಿಲ್ಲ. ಮನೆಗೆ ಬಂದ ವಸ್ತುವನ್ನು ಆಕೆ ಒಡನೆಯೇ ಮೊರಕ್ಕೆ ಸುರಿಯಲಿಲ್ಲ; ಅಳೆದು ನೋಡಿದರು, ಮೂಲವನ್ನು ವಿಚಾರಿಸಿದರು, ತಮ್ಮ ಆವಶ್ಯಕತೆಯೊಡನೆ ಹೋಲಿಸಿದರು. ಕೇಳಿದುದು ಹೊರಗಿನ ಕಳ್ಳನನ್ನಲ್ಲ, ಕೈಹಿಡಿದ ಗಂಡನನ್ನು. ಪ್ರೀತಿಯಿದ್ದಲ್ಲಿ ಪ್ರಶ್ನೆ ಇರಬಾರದೆಂಬ ನಿಯಮ ಶರಣಧರ್ಮದಲ್ಲಿಲ್ಲ.

ಇಂದು ಮಕ್ಕಳು ಉಡಿತುಂಬಿಕೊಂಡು ಬರುತ್ತಿರುವುದು ಅಕ್ಕಿಯನ್ನಲ್ಲ, ಮಾತನ್ನು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲವು ದೊರೆತುದು 1995ನೆಯ ಇಸವಿಯ ಆಗಸ್ಟ್ 15ರಂದು. ಅಂದು ಕೆಲವೇ ಪಟ್ಟಣಗಳಲ್ಲಿ, ಟೆಲಿಫೋನ್ ತಂತಿಯ ಮೂಲಕ ಬಹು ನಿಧಾನವಾಗಿ ಬರುತ್ತಿದ್ದ ಆ ಸೌಲಭ್ಯವು ಇಂದು ಹೊಲದ ಬದುವಿನಲ್ಲಿ ಕುಳಿತ ಹುಡುಗನ ಅಂಗೈಗೆ ಬಂದಿದೆ. ಮಹಾಮನೆಯ ಅಂಗಳವೇ ಲೋಕದಷ್ಟು ಅಗಲವಾದಂತಾಯಿತು. ಅಲ್ಲಿ ಚೆಲ್ಲಿರುವುದಕ್ಕೆ ಅಳತೆಯಿಲ್ಲ. ಅಕ್ಕಿಯೂ ಇದೆ, ನುಚ್ಚೂ ಇದೆ, ಹರಳೂ ಇದೆ, ಇಲಿಯ ಪಾಷಾಣವೂ ಇದೆ. ಇದನ್ನು ಕಂಡು ಕೆಲವು ಹಿರಿಯರು ಮೊಬೈಲನ್ನೇ ಬಾವಿಗೆ ಎಸೆಯಬೇಕೆನ್ನುವರು. ಬೇರೆ ಕೆಲವರು, ಎಲ್ಲವೂ ಅದರಲ್ಲಿಯೇ ಇರುವಾಗ ಪುಸ್ತಕವೇಕೆ, ಗುರುವೇಕೆ ಎನ್ನುವರು. ಮೊದಲನೆಯವರು ಅಂಗಳಕ್ಕೇ ಹೋಗಬೇಡವೆನ್ನುವರು. ಎರಡನೆಯವರು ಆಯುವುದೇ ಬೇಡವೆನ್ನುವರು. ಮಾರಯ್ಯನವರ ಕಾಯಕವು ಅಂಗಳಕ್ಕೆ ಹೋಗುವುದೂ ಅಹುದು, ಆಯುವುದೂ ಅಹುದು.

ಇಲ್ಲಿ ಒಂದು ದೃಷ್ಟಾಂತವನ್ನು ಹೇಳಬಹುದು. ಉತ್ತರ ಕರ್ನಾಟಕದ ಒಂದು ಊರು. ಅಲ್ಲೊಂದು ಮಠ, ಮಠದ ಉಚಿತ ಪ್ರಸಾದನಿಲಯ, ಅದಕ್ಕೆ ಹೊಂದಿದ ಪ್ರೌಢಶಾಲೆ. ಬಸವ ಜಯಂತಿಯ ದಿನ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಭಾಷಣ ಮಾಡಿದನು. ಕಂಠ ಚೆನ್ನಾಗಿತ್ತು, ಧೈರ್ಯವಿತ್ತು; ಕಡೆಯಲ್ಲಿ ಕೂಡಲಸಂಗನ ಅಂಕಿತವುಳ್ಳ ಒಂದು ವಚನವನ್ನು ಹಾಡಿದಾಗ ಸಭೆಯು ಕೈತಟ್ಟಿತು. ಕಾರ್ಯಕ್ರಮ ಮುಗಿದು ಪ್ರಸಾದದ ಪಂಕ್ತಿಗೆ ಜನರು ಏಳುತ್ತಿದ್ದಾಗ, ಬಾಲ್ಯದಿಂದಲೂ ಭಜನಾಸಂಘದಲ್ಲಿ ವಚನ ಹಾಡುತ್ತ ಬಂದ ವೃದ್ಧ ರೈತರೊಬ್ಬರು ಹುಡುಗನನ್ನು ಹತ್ತಿರ ಕರೆದರು.

"ತಮ್ಮಾ, ಚಲೋ ಮಾತಾಡಿದಿ. ಆ ಕಡೀ ವಚನ ಎಲ್ಲಿಂದ ತಂದಿ?"

"ಫೋನಿನಾಗ ಸಿಕ್ಕಿತ್ರೀ ಅಜ್ಜಾರ."

"ಫೋನಿಗೆ ಯಾರು ಕೊಟ್ರು?"

ಹುಡುಗನಲ್ಲಿ ಉತ್ತರವಿರಲಿಲ್ಲ. ವೃದ್ಧರು ಗದರಿಸಲಿಲ್ಲ. "ಅದರಾಗ ಜವಾಬ್ದಾರಿ ಅಂತ ಒಂದು ಮಾತು ಬಂತಲ್ಲ, ಅಣ್ಣನ ಕಾಲದಾಗ ಆ ಮಾತು ಇತ್ತೇನು? ನಿಮ್ಮ ಮಾಸ್ತರರನ್ನ ಕೇಳಿ ನೋಡು" ಎಂದಷ್ಟೇ ಹೇಳಿ ಪಂಕ್ತಿಗೆ ಹೋದರು.

ಹುಡುಗನು ಆ ರಾತ್ರಿ ಮಾಸ್ತರರನ್ನು ಕೇಳಲಿಲ್ಲ, ನಾಚಿಕೆಯಾಗಿತ್ತು. ಆ ವಚನವನ್ನು ಒದಗಿಸಿದ ಕೃತಕ ಬುದ್ಧಿಯ ಯಂತ್ರವನ್ನೇ, ಇದು ನಿಜವಾಗಿಯೂ ಬಸವಣ್ಣನವರದೇ ಎಂದು ಕೇಳಿದನು. ಅದು ಹೌದೆಂದಿತು. ಅವನು ನೆಮ್ಮದಿಯಿಂದ ಮಲಗಿದನು.

ಈ ತಪ್ಪು ಹುಡುಗರದು ಮಾತ್ರವೆಂದು ಯಾರೂ ಭಾವಿಸಬಾರದು. 2023ರಲ್ಲಿ ಅಮೆರಿಕದ ನ್ಯೂಯಾರ್ಕಿನ ಒಂದು ನ್ಯಾಯಾಲಯದಲ್ಲಿ ವಕೀಲರು ಸಲ್ಲಿಸಿದ ವಾದಪತ್ರದಲ್ಲಿ ಆರು ಹಳೆಯ ತೀರ್ಪುಗಳ ಉಲ್ಲೇಖವಿದ್ದಿತು. ಆ ಆರೂ ತೀರ್ಪುಗಳನ್ನು ಯಾವ ನ್ಯಾಯಾಧೀಶರೂ ಎಂದೂ ಕೊಟ್ಟಿರಲಿಲ್ಲ, ಯಂತ್ರವು ಕಲ್ಪಿಸಿದ್ದಿತು. ಆ ವಕೀಲರೂ ಯಂತ್ರವನ್ನೇ ಮರಳಿ ಕೇಳಿ, ನಿಜವೆಂಬ ಉತ್ತರವನ್ನು ಪಡೆದು ಸುಮ್ಮನಾಗಿದ್ದರು. ನ್ಯಾಯಾಲಯವು 5,000 ಡಾಲರುಗಳ ದಂಡ ವಿಧಿಸಿತು. ಆರೋಪಿಯನ್ನೇ ಸಾಕ್ಷಿಗೆ ಕರೆದರೆ ಆಗುವುದು ಇಷ್ಟೇ. ಆ ಯಂತ್ರಕ್ಕೆ ಸುಳ್ಳಾಡುವ ದುರ್ಬುದ್ಧಿಯಿದೆ ಎಂದಲ್ಲ. ಅಪಾರವಾದ ಬರಹಗಳಿಂದ ಮಾತಿನ ಮುಂದೆ ಮಾತು ಬರುವ ರೂಢಿಯನ್ನು ಕಲಿತು, ಇಂಥ ಪದದ ಮುಂದೆ ಇಂಥ ಪದವು ಬರುವ ಸಂಭವವೇ ಹೆಚ್ಚೆಂದು ಎಣಿಸಿ ಅದು ಪೋಣಿಸುತ್ತದೆ. ವಚನದಂತಹ ವಾಕ್ಯವನ್ನು ಕೇಳಿದರೆ ವಚನದಂತಹುದನ್ನೇ ಕೊಡುವುದು. ವಚನದಂತಿರುವುದು ವಚನವಲ್ಲ. ಹುಡುಕುವ ಯಂತ್ರಗಳಾದರೂ ಅಷ್ಟೆ: ಕೇಳಿದ ಪದಗಳಿಗೆ ಯಾವ ಪುಟ ಹೊಂದುವುದು, ಯಾವ ಪುಟಕ್ಕೆ ಬೇರೆ ಪುಟಗಳು ಹೆಚ್ಚಾಗಿ ಕೈತೋರಿವೆ ಎಂಬಂತಹ ಲೆಕ್ಕಗಳಿಂದ ಮುಂದುಹಿಂದು ಮಾಡುತ್ತವೆ, ಹಣ ತೆತ್ತವರ ಜಾಹೀರಾತನ್ನು ಎಲ್ಲಕ್ಕಿಂತ ಮೇಲೆ ಇಡುವುದೂ ಉಂಟು. ಸತ್ಯವನ್ನು ತೂಗುವ ತಕ್ಕಡಿ ಅಲ್ಲಿಲ್ಲ. ಅದು ಕೇಳುವವನ ಕೈಯಲ್ಲಿರಬೇಕು.

ಮರುದಿನ ಹುಡುಗನು ಧೈರ್ಯಮಾಡಿ ಮಾಸ್ತರರ ಬಳಿಗೆ ಹೋದನು. ಮಾಸ್ತರರು ಎಲ್ಲವನ್ನೂ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಭಾಷಣದ ಪ್ರತಿಯನ್ನು ತಿದ್ದಿಕೊಟ್ಟವರು ಅವರೇ. ಕಾಗುಣಿತವನ್ನು ತಿದ್ದಿದ್ದರು, ವಚನದ ಮೂಲವನ್ನು ವಿಚಾರಿಸಿರಲಿಲ್ಲ. "ಈ ತಪ್ಪಿನಾಗ ಅರ್ಧ ನಂದೈತಿ" ಎಂದು ಹೇಳಿ, ಅವನನ್ನು ಮಠದ ಗ್ರಂಥಭಂಡಾರಕ್ಕೆ ಕರೆದೊಯ್ದರು. ಕರ್ನಾಟಕ ಸರ್ಕಾರವು 15 ಸಂಪುಟಗಳಲ್ಲಿ ಪ್ರಕಟಿಸಿದ ಸಮಗ್ರ ವಚನ ಸಂಪುಟದ ಮೊದಲನೆಯದೇ ಬಸವಣ್ಣನವರದು. ಅದರ ಅಕಾರಾದಿಯಲ್ಲಿ ಆ ವಚನದ ಮೊದಲ ಪದವನ್ನು ಇಬ್ಬರೂ ಹುಡುಕಿದರು, ಇರಲಿಲ್ಲ. ಬಳಿಕ ಮಾಸ್ತರರು ಅದೇ ಮೊಬೈಲಿನಲ್ಲಿ, ವಚನಗಳನ್ನು ಪದಪದವಾಗಿ ಹುಡುಕಲು ಅನುವಾಗುವಂತೆ ಅಣಿಗೊಳಿಸಿರುವ 'ವಚನ ಸಂಚಯ'ವನ್ನು ತೆರೆಯಿಸಿದರು. ಅಲ್ಲಿಯೂ ಸಿಕ್ಕಲಿಲ್ಲ. ಸುಳ್ಳನ್ನು ತಂದ ಉಪಕರಣದಿಂದಲೇ ಸುಳ್ಳನ್ನು ಹಿಡಿಯಲೂ ಸಾಧ್ಯವೆಂಬುದನ್ನು ಹುಡುಗನು ಆಗ ಕಂಡನು. 'ಜವಾಬ್ದಾರಿ' ಎಂಬುದು ಅರಬ್ಬೀ ಪಾರಸೀ ಮೂಲದ ಪದ. ಅಂತಹ ಪದಗಳು ಕನ್ನಡದಲ್ಲಿ ಹೇರಳವಾಗಿ ಬೇರೂರಿದುದು ಬಹಮನಿ, ಆದಿಲಶಾಹಿ ಆಳ್ವಿಕೆಗಳ ಕಾಲದಲ್ಲಿ, ಎಂದರೆ ಬಸವಣ್ಣನವರ ತರುವಾಯ. ಹನ್ನೆರಡನೆಯ ಶತಮಾನದ ವಚನವೆಂದು ಹೇಳುವುದರಲ್ಲಿ ಮೆಣಸಿನಕಾಯಿ ಬಂದರೂ ಹೀಗೆಯೇ ಸಂಶಯಪಡಬೇಕು. ಕರಿಮೆಣಸು ಈ ನೆಲದ್ದು, ಮೆಣಸಿನಕಾಯಿಯಾದರೋ ಪೋರ್ಚುಗೀಸರು ಬಂದ ಮೇಲೆ ಅಮೆರಿಕ ಖಂಡದಿಂದ ಬಂದುದು. ಆ ವೃದ್ಧರು ಯಾವ ಕಾಲೇಜಿಗೂ ಹೋಗಿರಲಿಲ್ಲ. ಅರವತ್ತು ವರ್ಷ ವಚನಗಳನ್ನು ಹಾಡಿದ ಕಿವಿಗೆ ಆ ಒಂದು ಪದವು ಅನ್ನದಲ್ಲಿ ಸಿಕ್ಕಿದ ಹರಳಿನಂತೆ ತಗುಲಿದ್ದಿತು.

ಇಂದು ವಚನಗಳು ಅಚ್ಚಿನಲ್ಲಿ ದೊರೆಯುತ್ತಿರುವುದೇ ಅಂತಹ ವಿಚಾರಣೆಯ ಫಲ. ಫ. ಗು. ಹಳಕಟ್ಟಿಯವರು 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಾಪುರದಲ್ಲಿ ವಕೀಲಿ ಮಾಡಿದವರು. ಓಲೆಗರಿಯ ಕಟ್ಟುಗಳು ಮಠಗಳ ಅಟ್ಟಗಳಲ್ಲಿ, ಭಕ್ತರ ಜಗುಲಿಗಳಲ್ಲಿ ಪೂಜೆಗೊಳ್ಳುತ್ತ, ಹುಳು ತಿನ್ನುತ್ತ ಇದ್ದ ಕಾಲದಲ್ಲಿ ಊರೂರು ತಿರುಗಿ ಅವುಗಳನ್ನು ಕೂಡಿಸಿದರು, ನಕಲು ಮಾಡಿದರು, ಒಂದು ಪ್ರತಿಯನ್ನು ಮತ್ತೊಂದರೊಡನೆ ಒತ್ತಿ ನೋಡಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವು ಹೊರಬಂದಿತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ಶಿವಾನುಭವ ಪತ್ರಿಕೆ. ಮುದ್ರಣಕ್ಕಾಗಿ ಇದ್ದ ಮನೆಯನ್ನೂ ಮಾರಿಕೊಂಡರು. ಒಂದು ವಚನವು ಒಂದು ಕಟ್ಟಿನಲ್ಲಿ ಒಂದು ಬಗೆಯಾಗಿ, ಇನ್ನೊಂದರಲ್ಲಿ ಮತ್ತೊಂದು ಬಗೆಯಾಗಿ ಇದ್ದಾಗ ಯಾವುದನ್ನು ಸ್ವೀಕರಿಸಬೇಕೆಂಬ ಪ್ರಶ್ನೆಯು ಇಂತಹ ಸಂಪಾದಕರನ್ನು ಎಷ್ಟು ಇರುಳು ಎಚ್ಚರಿಸಿರಬೇಕು! 1964ರಲ್ಲಿ ಲಿಂಗೈಕ್ಯರಾದ ಆ ಮಹನೀಯರು ವರ್ಷಗಟ್ಟಲೆ ಪರಿಶ್ರಮಪಟ್ಟು ಬಿಡಿಸಿದ ಸಾಹಿತ್ಯದ ಮೇಲೆ, ಒಂದು ಗಳಿಗೆಯಲ್ಲಿ ಹುಟ್ಟಿದ ಹುಸಿವಚನವನ್ನು ತಂದು ಬೆರೆಸುವುದು ಸಣ್ಣ ಅಪರಾಧವಲ್ಲ.

ಆಗ ಹುಡುಗನು ಕೇಳಿದನು: "ಈಗೇನ್ ಮಾಡ್ಬೇಕ್ರೀ ಸರ್?" ಮಾಸ್ತರರು ಅವನಿಗೆ ಲಕ್ಕಮ್ಮನವರ ಪ್ರಸಂಗವನ್ನು ನೆನಪಿಗೆ ತಂದರು. ಮುಂದಿನ ಸೋಮವಾರದ ಪ್ರಾರ್ಥನಾಸಭೆಯಲ್ಲಿ ಹುಡುಗನು ಎದ್ದುನಿಂತು, ಅಂದು ಹಾಡಿದುದು ಬಸವಣ್ಣನವರ ವಚನವಲ್ಲವೆಂದು ಹೇಳಿದನು. ಮಾಸ್ತರರೂ ಅವನ ಮಗ್ಗುಲಲ್ಲಿ ನಿಂತು ತಮ್ಮ ಪಾಲನ್ನು ಒಪ್ಪಿಕೊಂಡರು. ಅಂಗಳಕ್ಕೆ ಅಕ್ಕಿ ಮರಳಿತು. ಆದರೆ ಪೂರ್ತಿಯಾಗಿ ಮರಳಲಿಲ್ಲ. ಹುಡುಗನ ಸೋದರಮಾವನು ಭಾಷಣದ ಚಿತ್ರಿಕೆಯನ್ನು ಅಭಿಮಾನದಿಂದ ಮೂರು ವಾಟ್ಸ್ಆ್ಯಪ್ ಬಳಗಗಳಿಗೆ ಕಳುಹಿಸಿದ್ದನು. ಅಲ್ಲಿಂದ ಅದು ಎಲ್ಲೆಲ್ಲಿಗೆ ಹೋಯಿತೋ ಬಲ್ಲವರಾರು? ಚೆಲ್ಲಿದ ಅಕ್ಕಿಯನ್ನು ಆಯಬಹುದು, ಹರಡಿದ ಮಾತನ್ನು ಆಯುವುದು ದುಸ್ಸಾಧ್ಯ.

ಹುಸಿವಚನವೊಂದು ಹರಡಿದರೆ ಆಗುವ ಕೇಡು ಜ್ಞಾನಕ್ಕೆ. ಕೇಡು ಅಲ್ಲಿಗೆ ನಿಲ್ಲದ ಪ್ರಸಂಗವೂ ನಡೆದಿದೆ, ಅದೂ ಬಸವಕಲ್ಯಾಣವನ್ನು ತನ್ನೊಳಗೆ ಇಟ್ಟುಕೊಂಡಿರುವ ಬೀದರ ಜಿಲ್ಲೆಯಲ್ಲಿಯೇ. 2018ರ ಜುಲೈ ತಿಂಗಳಲ್ಲಿ ಹೈದರಾಬಾದಿನಿಂದ ಬಂದಿದ್ದ ಕೆಲವು ತರುಣರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸಂದೇಶವು ವಾಟ್ಸ್ಆ್ಯಪಿನಲ್ಲಿ ಅವರಿಗಿಂತ ಮೊದಲು ಮುಂದಿನ ಊರನ್ನು ಮುಟ್ಟಿತು. ಔರಾದ ತಾಲ್ಲೂಕಿನ ಮುರ್ಕಿಯಲ್ಲಿ ಜನರು ದಾರಿಗಟ್ಟಿ ಹೊಡೆದರು. ಒಬ್ಬ ಎಂಜಿನಿಯರ್ ತರುಣನು ಸತ್ತನು, ಜೊತೆಯವರು ಗಾಯಗೊಂಡರು. ಆ ವರ್ಷ ದೇಶದಾದ್ಯಂತ ಇಂತಹ ಭೀತಿಯನ್ನು ಹಬ್ಬಿಸಿದ ಒಂದು ಚಿತ್ರಿಕೆಯಾದರೋ, ಮಕ್ಕಳನ್ನು ಜೋಪಾನವಾಗಿ ನೋಡಿಕೊಳ್ಳಿರೆಂದು ಕರಾಚಿಯಲ್ಲಿ ತಯಾರಿಸಿದ ಜಾಗೃತಿಚಿತ್ರದ ತುಂಡು. ಕೊನೆಗೆ ಮಗುವನ್ನು ಮರಳಿ ಬಿಡುವ ಭಾಗವನ್ನು ಯಾರೋ ಕತ್ತರಿಸಿ ತೆಗೆದಿದ್ದರು. ಅದೇ ತಿಂಗಳಲ್ಲಿ ವಾಟ್ಸ್ಆ್ಯಪಿನವರು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳುಹಿಸದಂತೆ ಮಿತಿಯನ್ನು ಹಾಕಿದರು. ಕಳುಹಿಸುವವನ ಮನಸ್ಸಿನಲ್ಲಿ ಇರಬೇಕಾಗಿದ್ದ ಮಿತಿಯನ್ನು ಯಂತ್ರದಲ್ಲಿ ಇಡಬೇಕಾಯಿತು. ಆ ದಿನ ಸಂದೇಶವನ್ನು ಪಡೆದ ನೂರಾರು ಮಂದಿಯಲ್ಲಿ ಹತ್ತು ಮಂದಿಯಾದರೂ "ಇದನ್ನು ಎಲ್ಲಿಂದ ತಂದಿ?" ಎಂದು ಕೇಳಿದ್ದರೆ ಒಬ್ಬ ತಾಯಿಯ ಮಗ ಮನೆಗೆ ಮರಳುತ್ತಿದ್ದನೇನೋ.

ಅದಂತಿರಲಿ. ಇನ್ನು ಕಳವಿನ ಮಾತು. ಶಾಲೆಗಳಲ್ಲಿ ಈಗ ಮಕ್ಕಳಿಗೆ ಪ್ರಬಂಧ, ಯೋಜನಾಕಾರ್ಯಗಳನ್ನು ಕೊಡುವರು. ಮಕ್ಕಳು ಯಾರೋ ಬರೆದುದನ್ನು ಇಳಿಸಿಕೊಂಡು ತಮ್ಮ ಹೆಸರು ಹಾಕಿ ಒಪ್ಪಿಸುವರು. ಅಂಗಡಿಯಲ್ಲಿ ಅಚ್ಚುಮಾಡಿಸಿ ಹೊಲಿಸಿಕೊಡುವವರು ಬಹುಮಟ್ಟಿಗೆ ತಂದೆತಾಯಿಗಳೇ. ಬಸವಣ್ಣನವರು ಎಲ್ಲಕ್ಕಿಂತ ಮೊದಲು ಬಿಡಹೇಳಿದ ದೋಷ ಕಳವು. ಹುಸಿಯೂ ಆ ಸಾಲಿನಲ್ಲಿಯೇ ಇದೆ. ಪರರ ಬರಹವನ್ನು ತನ್ನದೆನ್ನುವಲ್ಲಿ ಎರಡೂ ಕೂಡಿಕೊಂಡಿವೆ. ಇದಕ್ಕೆ ಪ್ರತಿಯಾಗಿ ಶೂನ್ಯಸಂಪಾದನೆಯ ಕರ್ತೃಗಳನ್ನು ನೋಡಬೇಕು. ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲುಗೊಂಡು ಗೂಳೂರು ಸಿದ್ಧವೀರಣಾರ್ಯರವರೆಗೆ ನಾಲ್ವರು ಆ ಮಹಾಗ್ರಂಥವನ್ನು ಕಟ್ಟಿದರು. ಅದರ ತುಂಬ ಇರುವುದು ಬೇರೆ ಬೇರೆ ಶರಣರ ವಚನಗಳು. ಆದರೂ ಅಲ್ಲಮಪ್ರಭುವಿನ ಮಾತಿಗೆ ಗುಹೇಶ್ವರನ ಮುದ್ರೆ, ಅಕ್ಕನ ಮಾತಿಗೆ ಚೆನ್ನಮಲ್ಲಿಕಾರ್ಜುನನ ಮುದ್ರೆ. ಲಕ್ಕಮ್ಮನವರಿಗೂ ಮಾರಯ್ಯನವರಿಗೂ ಒಂದೇ ಮುದ್ರೆಯೆಂದು ಸೇರಿಸಿಬಿಡದೆ, ಗಂಡನದಕ್ಕೆ ಅಮರೇಶ್ವರಲಿಂಗ, ಹೆಂಡತಿಯದಕ್ಕೆ ಮಾರಯ್ಯಪ್ರಿಯ ಅಮರೇಶ್ವರಲಿಂಗ ಎಂದು ಬೇರೆಬೇರೆಯಾಗಿ ಕಾಯ್ದರು. ಯಾರ ಮಾತನ್ನು ಎಲ್ಲಿಂದ ತಂದೆನೆಂದು ಬರೆಯುವ ಪದ್ಧತಿಯನ್ನು ಮಕ್ಕಳು ಪರದೇಶದವರಿಂದ ಕಲಿಯಬೇಕಾಗಿಲ್ಲ.

ಆದರೆ ಕದಿಯಬೇಡವೆಂದು ಬೆತ್ತ ಹಿಡಿದರೆ ಸಾಲದು. ಕದಿಯಲು ಅನುಕೂಲವಾದ ಪ್ರಶ್ನೆಗಳನ್ನೇ ಶಾಲೆಯು ಕೊಡುತ್ತಿರುವುದನ್ನೂ ಒಪ್ಪಬೇಕು. 'ಬಸವಣ್ಣನವರನ್ನು ಕುರಿತು ಬರೆಯಿರಿ' ಎಂದರೆ ಮಗು ಏನು ಮಾಡೀತು? ಲೋಕದಲ್ಲಿ ಸಾವಿರ ಸಲ ಬರೆದಿಟ್ಟಿರುವುದನ್ನು ಸಾವಿರದ ಒಂದನೆಯ ಸಲ ಇಳಿಸುವುದು. ಪ್ರಶ್ನೋಪನಿಷತ್ತಿನಲ್ಲಿ ಆರು ಮಂದಿ ಜಿಜ್ಞಾಸುಗಳು ಪಿಪ್ಪಲಾದ ಮಹರ್ಷಿಯ ಬಳಿಗೆ ಸಮಿತ್ಪಾಣಿಗಳಾಗಿ ಬರುವರು. ಮಹರ್ಷಿಯು ಒಡನೆಯೇ ಉಪದೇಶಿಸುವುದಿಲ್ಲ. ಇನ್ನೂ ಒಂದು ವರ್ಷ ತಪಸ್ಸು, ಬ್ರಹ್ಮಚರ್ಯ, ಶ್ರದ್ಧೆಗಳಿಂದ ಇಲ್ಲಿಯೇ ಇರಿ, ಬಳಿಕ ಬೇಕಾದುದನ್ನು ಕೇಳಿರಿ, ಬಲ್ಲೆವಾದರೆ ಹೇಳುವೆವು ಎನ್ನುವನು. ಬಲ್ಲೆವಾದರೆ! ಅಂತಹ ಋಷಿಯ ಬಾಯಲ್ಲಿ ಬಂದ ಈ ಸಂದೇಹಾರ್ಥವು, ಎಲ್ಲವನ್ನೂ ಬಲ್ಲಂತೆ ಕ್ಷಣದಲ್ಲಿ ಉತ್ತರಿಸುವ ಯಂತ್ರದೆದುರು ಕುಳಿತ ಮಕ್ಕಳಿಗೆ ತಿಳಿಸಿಹೇಳತಕ್ಕದ್ದು. ಉತ್ತರಕ್ಕಿಂತ ಪ್ರಶ್ನೆಗೇ ಹೆಚ್ಚು ಕಾಲ ಬೇಕೆಂಬುದೂ ಅಲ್ಲಿಯೇ ಇದೆ.

ಮಾಸ್ತರರು ಆ ಹುಡುಗನಿಗೆ ಇನ್ನೊಂದು ಪ್ರಬಂಧವನ್ನು ಬರೆಯಹೇಳಿದರು. ವಿಷಯವನ್ನು ಮಾತ್ರ ಅವನೇ ಪ್ರಶ್ನೆಯ ರೂಪದಲ್ಲಿ ತರಬೇಕೆಂದರು. ಮೊದಲ ದಿನ ಅವನು 'ನುಲಿಯ ಚಂದಯ್ಯನವರು ಯಾರು?' ಎಂದು ತಂದನು. ಒಂದು ಸಾಲಿನಲ್ಲಿ ಉತ್ತರ ಮುಗಿಯುವುದೆಂದು ಮಾಸ್ತರರು ಮರಳಿಸಿದರು. ಎರಡು ದಿನ ಬಿಟ್ಟು 'ಕಾಯಕದ ಮಹತ್ವವೇನು?' ಎಂದು ತಂದನು. ಅದು ಆಕಾಶದಷ್ಟು ದೊಡ್ಡದು, ಒಂಬತ್ತನೆಯ ತರಗತಿಯ ನೋಟುಪುಸ್ತಕದಲ್ಲಿ ಹಿಡಿಯದೆಂದು ಅದನ್ನೂ ಮರಳಿಸಿದರು. "ಮತ್ತ ಎಂಥಾ ಪ್ರಶ್ನೆ ಬೇಕ್ರೀ?" ಎಂದು ಹುಡುಗನು ಬೇಸರಪಟ್ಟಾಗ, "ನಿನಗ ಖರೇನ ಗೊತ್ತಿಲ್ಲದ್ದು, ತಿಳೀಬೇಕು ಅನ್ನಿಸಿದ್ದು. ಹುಡುಕಿದರ ಸಿಗಬಹುದು, ಸಿಗದೇನೂ ಇರಬಹುದು, ಅಂಥಾದ್ದು" ಎಂದರು.

ಹನ್ನೆರಡನೆಯ ದಿನ ಅವನು ಬಂದನು. ಹುಡುಗನ ಅಜ್ಜ ಪುಂಡಿಯ ನಾರಿನಿಂದ ಹಗ್ಗ ಹೊಸೆದು ಸಂತೆಯಲ್ಲಿ ಮಾರುತ್ತಿದ್ದವನು. ಈಗ ನೈಲಾನ್ ಹಗ್ಗ ಬಂದು ಆ ಕಸುಬು ನಿಂತಿದೆ. ಚಂದಯ್ಯನವರು ಹುಲ್ಲನ್ನು ಕೊಯ್ದು ಹಗ್ಗ ಹೊಸೆದರೆಂದು ಓದಿದ ಹುಡುಗನು ಅಜ್ಜನಿಗೆ ಹೇಳಿದಾಗ, "ಹುಲ್ಲಿನ ಹಗ್ಗ ಎತ್ತಿನ ಜಗ್ಗಿಗೆ ತಡದೀತೇನು?" ಎಂದು ಅಜ್ಜ ನಕ್ಕಿದ್ದನು. ಹುಡುಗನ ಚೀಟಿಯಲ್ಲಿ ಹೀಗಿತ್ತು: 'ನುಲಿಯ ಚಂದಯ್ಯನವರು ಹೊಸೆದುದು ಯಾವ ಹುಲ್ಲು? ಅದರ ಹಗ್ಗ ಯಾವ ಕೆಲಸಕ್ಕೆ ಬರುತ್ತಿತ್ತು? ಅದನ್ನು ಯಾರು ಕೊಳ್ಳುತ್ತಿದ್ದರು?'

ಮಾಸ್ತರರು ಚೀಟಿಯನ್ನು ಎರಡು ಸಲ ಓದಿದರು. ಮೂವತ್ತು ವರ್ಷ ಆ ಕಥೆಯನ್ನು ಹೇಳಿಯೂ ಈ ಮಾತು ಅವರಿಗೆ ಹೊಳೆದಿರಲಿಲ್ಲ. "ನನಗ ಗೊತ್ತಿಲ್ಲಪಾ" ಎಂದರು. ಚಂದಯ್ಯನವರ ವಚನಗಳಲ್ಲಿ ಹುಲ್ಲು, ಹಗ್ಗ, ಕಣ್ಣಿಗಳ ಮಾತು ಎಲ್ಲೆಲ್ಲಿ ಬರುವುದೆಂದು ವಚನ ಸಂಚಯದಲ್ಲಿ ಹುಡುಕಿ, ಸಂಪುಟದೊಡನೆ ಒತ್ತಿನೋಡಿ, ಪುಟಸಂಖ್ಯೆಯ ಸಮೇತ ಬರೆದುಕೊಳ್ಳಲು ಹೇಳಿದರು. ಹಗ್ಗಕ್ಕೆ ಬರುವ ಹುಲ್ಲುಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ನೋಡಲೂ ಹೇಳಿದರು. ಬರೆದವರು ಯಾರು, ಸಸ್ಯವನ್ನು ಬಲ್ಲವರೋ ಅಲ್ಲವೋ ಎಂಬುದನ್ನು ಚಿತ್ರದ ಕೆಳಗೇ ಗುರುತುಮಾಡಬೇಕೆಂದರು. ಭಾನುವಾರ ಬೆಳಿಗ್ಗೆ ಹುಡುಗನೂ ಅಜ್ಜನೂ ಒಂದು ಕುಡಗೋಲನ್ನು ಹಿಡಿದು ಊರ ಕೆರೆಯ ಕಡೆಗೆ ನಡೆದರು. ಮೂರು ಬಗೆಯ ಹುಲ್ಲು ಕೊಯ್ದು ತಂದು, ಕಟ್ಟೆಯ ಮೇಲೆ ಕುಳಿತು, ಒಂದೊಂದನ್ನೂ ಹೊಸೆದು ಜಗ್ಗಿ ನೋಡಲು ಮೊದಲುಮಾಡಿದರು.